ಚುಕ್ಕಿಗೆ ಹೊರಗೆ ಹೋಗಲು ಕಲಿಸಿದ್ದು

ಬಂದ ದಿನ ಆ ನಾಯಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮಲಗಿದಲ್ಲೇ ಉಚ್ಚೆ ಹೊಯ್ದು, ಅದರ ಮೇಲೆಯೇ ಗಲ್ಲ ಊರಿ ನನ್ನನ್ನು ನೋಡಿತು. ಬಟ್ಟೆ ತಂದು ಒರೆಸಿದೆ. ಅರ್ಧ ಗಂಟೆಗೆ ಮತ್ತೆ ಹಾಗೆಯೇ. ಹುದಿಕೇರಿಯಿಂದ ಸ್ವಲ್ಪ ಒಳಗೆ ನಮ್ಮದು ಆರು ಎಕರೆ ಕಾಫಿ, ಅದರ ನಡುವೆ ಮನೆ. ಊರಿನವರು ಮದುವೆಗೋ ಆಸ್ಪತ್ರೆಗೋ ಹೋಗುವಾಗ ಬಿಟ್ಟುಹೋಗುವ ನಾಯಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ, ಹಾಗಾಗಿ ಗಲೀಜು ನನಗೆ ಹೊಸದಲ್ಲ. ಆದರೆ ಯಾವ ನಾಯಿಯೂ ತಾನು ಮಲಗುವ ಜಾಗವನ್ನು ಬೇಕೆಂದು ಕೆಡಿಸುವುದಿಲ್ಲ. ಕೆಡಿಸಿದರೂ ಪಕ್ಕಕ್ಕೆ ಸರಿದು ಮಲಗುತ್ತದೆ. ಇದು ಸರಿಯಲೂ ಇಲ್ಲ. ಅದನ್ನು ಕಂಡು ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು.

ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಒಂದು ಪಿಕಪ್ ತಡೆದಾಗ ತರಕಾರಿ ಕ್ರೇಟುಗಳ ಹಿಂದೆ ಸಿಕ್ಕ ನಾಯಿಗಳಲ್ಲಿ ಇದೂ ಒಂದು. ಎಲ್ಲೋ ಒಂದು ಶೆಡ್ಡಿನಲ್ಲಿ ಮರಿ ಹಾಕಿಸಿ ಮಾರುವುದಕ್ಕೆಂದೇ ಇಟ್ಟುಕೊಂಡಿದ್ದ ಹೆಣ್ಣುನಾಯಿಗಳಂತೆ. ಇದು ಬೀಗಲ್, ಸುಮಾರು ಐದು ವರ್ಷ ಎಂದು ಡಾಕ್ಟರು ಹಲ್ಲು ನೋಡಿ ಹೇಳಿದರು. ಮೊಲೆಗಳು ಜೋತುಬಿದ್ದಿದ್ದವು, ಉಗುರುಗಳು ಒಳಕ್ಕೆ ಸುತ್ತಿಕೊಂಡಿದ್ದವು, ಪಾದದ ಬೆರಳುಗಳು ಕೋಳಿಕಾಲಿನ ಹಾಗೆ ಅಗಲವಾಗಿ ಬಿಚ್ಚಿಕೊಂಡಿದ್ದವು. ವರ್ಷಗಟ್ಟಲೆ ತಂತಿ ಬಲೆಯ ಮೇಲೆ ನಿಂತರೆ ಹಾಗಾಗುತ್ತದೆ ಎಂದರು ಡಾಕ್ಟರು. ಗೂಡಿನ ತಳಕ್ಕೆ ತಂತಿ ಹಾಕಿದರೆ ಗಲೀಜು ಕೆಳಗೆ ಬೀಳುತ್ತದೆ, ತೊಳೆಯುವ ಕೆಲಸ ಉಳಿಯುತ್ತದೆ. ಅಷ್ಟು ಉಳಿತಾಯಕ್ಕಾಗಿ ಈ ಪ್ರಾಣಿ ನೆಲ ಮುಟ್ಟದೆ ಬದುಕಿತ್ತು.

ಆ ನಾಯಿಗಳನ್ನು ಬಿಡಿಸಿ, ಇದನ್ನು ನನ್ನಲ್ಲಿಗೆ ತಂದ ಸಂಸ್ಥೆಯವರ ಕರಾರು ಸರಳವಾಗಿತ್ತು. ಮಡಿಕೇರಿಯಲ್ಲಿ ಒಬ್ಬ ಟೀಚರು ಇದನ್ನು ಸಾಕಲು ಮುಂದೆ ಬಂದಿದ್ದರು. ಅವರದು ಬಾಡಿಗೆ ಮನೆ. ಮನೆ ಗಲೀಜು ಮಾಡದ ನಾಯಿ ಮಾತ್ರ ಇಟ್ಟುಕೊಳ್ಳಬಹುದು ಎಂದು ಮನೆ ಓನರು ಖಡಾಖಂಡಿತವಾಗಿ ಹೇಳಿದ್ದರು. ನನಗೆ ಆರು ವಾರ. ಆರನೆಯ ವಾರದ ಭಾನುವಾರ ಟೀಚರು ಬಂದು ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಕಲಿಯದಿದ್ದರೆ ಅದು ಹೋಗಬೇಕಾದದ್ದು ಮೈಸೂರಿನ ಕಡೆಯ ಒಂದು ನಾಯಿಗಳ ಕೇಂದ್ರಕ್ಕೆ. ಅಲ್ಲಿ ಜಾಗವಿಲ್ಲ, ಸಾಲು ಸಾಲು ಗೂಡುಗಳು, ತಳಕ್ಕೆ ತಂತಿ.

ಬಂದುಹೋಗುವ ನಾಯಿಗಳಿಗೆ ನಾನು ಹೆಸರಿಡುವುದಿಲ್ಲ. ಪಕ್ಕದ ಎಸ್ಟೇಟಿನ ಕೂಲಿಯವರ ಸಾಲುಮನೆಗಳಿಂದ, ಅಂದರೆ ಲೈನಿನಿಂದ, ನಮ್ಮಲ್ಲಿ ಗೂಡು ತೊಳೆಯಲು ಬರುವ ಹೆಂಗಸು ನನ್ನ ಮಾತು ಕೇಳುವವಳಲ್ಲ. ಹಣೆಯ ಬಿಳಿ ಮಚ್ಚೆ ನೋಡಿ ಚುಕ್ಕಿ ಎಂದು ಕರೆದೇಬಿಟ್ಟಳು.

ಮೊದಲ ವಾರ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಉಚ್ಚೆಯ ಪರೀಕ್ಷೆ ಮಾಡಿಸಿದೆ, ಸೋಂಕಿತ್ತು, ಮಾತ್ರೆ ಮುಗಿಸಿದೆ. ಚಿಕ್ಕ ಗೂಡಿನಲ್ಲಿ ಮೆತ್ತನೆಯ ಬಟ್ಟೆ ಹಾಕಿ ಮಲಗಿಸಿದೆ. ಗೂಡು ಚಿಕ್ಕದಾದರೆ ನಾಯಿ ತಡೆದುಕೊಳ್ಳುತ್ತದೆ, ಬಾಗಿಲು ತೆಗೆದೊಡನೆ ಹೊರಗೆ ಕರೆದೊಯ್ದರೆ ಅಲ್ಲಿ ಹೊಯ್ಯುತ್ತದೆ, ಆಗ ಹೊಗಳಿ ತಿನ್ನಲು ಕೊಡಬೇಕು. ಎಂಥ ಪೆದ್ದು ಮರಿಗೂ ಈ ಉಪಾಯ ಹತ್ತು ದಿನದಲ್ಲಿ ನಾಟುತ್ತದೆ. ಚುಕ್ಕಿಗೆ ನಾಟಲಿಲ್ಲ. ಗೂಡೆಂದರೆ ಅವಳಿಗೆ ಊಟ, ನಿದ್ದೆ, ಹೆರಿಗೆ, ಕಕ್ಕಸು ಎಲ್ಲವೂ ಆಗುವ ಜಾಗ. ಹೊರಗೆ ಅಂಗಳದ ಹುಲ್ಲಿನ ಮೇಲೆ ಇಳಿಸಿದರೆ ಕಾಲುಗಳನ್ನು ಒಂದೊಂದಾಗಿ ಎತ್ತಿ ನಡುಗುತ್ತಿದ್ದಳು. ಒಳಗೆ ತಂದು ಗೂಡಿಗೆ ಬಿಟ್ಟರೆ ಅಲ್ಲೇ ಧಾರೆ. ನನ್ನ ಗಂಡ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಪಿಕ್ಕಿಂಗ್, ಅಂದರೆ ಕಾಫಿ ಕೊಯ್ಲು, ಶುರುವಾಗಿದ್ದರಿಂದ ಸಂಜೆ ಹಣ್ಣಿನ ತೂಕ ಮುಗಿಸಿ ಏಳೂವರೆಗೆ ಮನೆಗೆ ಬರುತ್ತಿದ್ದರು. ಬಂದವರೇ ಮೂಗು ಮುಚ್ಚಿಕೊಂಡು, ಇವತ್ತು ಯಾರು ಯಾರಿಗೆ ಕಲಿಸಿದ್ದು ಎಂದು ಕೇಳುತ್ತಿದ್ದರು.

ನಾನು ಒಂದು ನೋಟುಬುಕ್ಕಿನಲ್ಲಿ ಗಂಟೆ ಬರೆದಿಡುತ್ತಿದ್ದೆ. ನೀರು ಕುಡಿದದ್ದು, ತಿಂದದ್ದು, ಹೊಯ್ದದ್ದು, ಎಲ್ಲಿ. ಎಂಟನೆಯ ದಿನ ಬರೆದದ್ದನ್ನು ಮತ್ತೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗೂಡಿನಿಂದ ಬಿಟ್ಟಾಗ, ಐದರಲ್ಲಿ ಮೂರು ಸಲ, ಅವಳು ಹೊಯ್ದದ್ದು ಬಚ್ಚಲಿನ ಮೋರಿಯ ಮೇಲಿನ ಕಬ್ಬಿಣದ ಜಾಲರಿಯ ಮೇಲೆ. ಗೂಡಿನ ಹೊರಗೆ, ಪಾದದಡಿ ತಂತಿ ತಗುಲಿದರೆ ಮಾತ್ರ ಅವಳ ಮೈಗೆ ಅದು ಜಾಗ ಅನ್ನಿಸುತ್ತಿತ್ತು. ಅಷ್ಟು ದಿನ ಹುಲ್ಲಿನ ಮೇಲೆ ನಿಲ್ಲಿಸಿ ಹೊಯ್ಯಿ ಎಂದದ್ದು, ಯಾರನ್ನೋ ದಿವಾನಖಾನೆಯ ನಡುವೆ ನಿಲ್ಲಿಸಿ ಹೊಯ್ಯಿ ಎಂದ ಹಾಗೆ.

ಕೋಳಿಗೂಡಿಗೆಂದು ತಂದಿಟ್ಟಿದ್ದ ತಂತಿ ಬಲೆ ಮನೆಯಲ್ಲಿತ್ತು. ಗಂಡನಿಂದ ಅದಕ್ಕೆ ನಾಲ್ಕು ಕಡೆ ಮರದ ರೀಪರ್ ಪಟ್ಟಿ ಹೊಡೆಸಿದೆ. ಬಾಗಿಲಗಲದ ಒಂದು ಚೌಕಟ್ಟಾಯಿತು. ಅದನ್ನು ಬಚ್ಚಲಲ್ಲಿ ಹಾಕಿದ ದಿನವೇ ಚುಕ್ಕಿ ನಾಲ್ಕು ಸಲ ಅದರ ಮೇಲೆ ಹೋಗಿ ಬಂದಳು. ಅಡುಗೆಮನೆ ಒಣಗಿಯೇ ಇತ್ತು. ಬೇಯಿಸಿದ ಕೋಳಿ ಲಿವರಿನ ಚೂರು ಕೊಟ್ಟಾಗ ನನ್ನ ಕೈಯಿಂದ ತಿಂದದ್ದೂ ಅವತ್ತೇ ಮೊದಲು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಮುಂದಿನದು ತಾಳ್ಮೆಯ ಕೆಲಸ. ಚೌಕಟ್ಟನ್ನು ಮೊದಮೊದಲು ದಿನಕ್ಕೆ ಒಂದು ಗೇಣು, ಅಭ್ಯಾಸವಾದಂತೆ ಮೂರು ನಾಲ್ಕು ಹೆಜ್ಜೆ ಹೊರಗಿನ ಕಡೆಗೆ ಸರಿಸಬೇಕು. ತಪ್ಪಿದರೆ ಎರಡು ದಿನ ಹಿಂದಿನ ಜಾಗಕ್ಕೆ ಹೋಗಬೇಕು. ಹೊಸ್ತಿಲಲ್ಲಿ ನಾಲ್ಕು ದಿನ ಸಿಕ್ಕಿಹಾಕಿಕೊಂಡೆವು, ಮೆಟ್ಟಿಲಲ್ಲಿ ಮೂರು ದಿನ. ತಂತಿಯ ಕೆಳಗೆ ಮೊದಲು ಮರಳು ಹರಡಿದೆ, ಆಮೇಲೆ ಮಣ್ಣು, ಆಮೇಲೆ ಒಣ ಎಲೆ. ಅಂಗಳದಾಚೆ ಮುಟ್ಟಿದ ಮೇಲೆ ತಂತಿಯನ್ನೇ ಕತ್ತರಿಸಿ ಚಿಕ್ಕದು ಮಾಡುತ್ತ ಬಂದೆ. ಬಾಗಿಲಗಲ ಇದ್ದದ್ದು ಮಣೆಯಷ್ಟಾಯಿತು, ಐದನೆಯ ವಾರಕ್ಕೆ ಊಟದ ತಟ್ಟೆಯಷ್ಟು.

ಜಾಗ ಆರಿಸಿದ್ದೂ ನಾನೇ. ಮನೆಯ ಹಿಂದೆ ಮೂವತ್ತು ಹೆಜ್ಜೆ ದೂರ, ತೋಟದ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಇದೆ. ಅದರ ಬುಡ. ಬೇಲಿ ಹಾಕಿದ ಸಿಮೆಂಟು ಅಂಗಳ ಮನೆಗೆ ಅಂಟಿಕೊಂಡೇ ಇತ್ತು, ಆದರೆ ಅಲ್ಲಿ ಬಂದ ನಾಯಿಗಳ ಗಲಾಟೆ. ಟೀಚರ ಮನೆಯ ಹಿಂದೆ ಇರುವುದು ಮರ, ಇಳಿಜಾರು, ತರಗೆಲೆ. ಅಂಥದೇ ನೆಲದಲ್ಲಿ ಕಲಿಸಿದರೆ ಅಲ್ಲಿ ಹೋಗಿಯೂ ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಟೀಚರು ಶಾಲೆ ಮುಗಿಸಿ, ಮನೆಗೆ ಬಂದು ಸುಧಾರಿಸಿಕೊಂಡು ನಾಯಿಯನ್ನು ಹೊರಗೆ ಕರೆದೊಯ್ಯಲಾಗುವುದು ಆರೂವರೆಗೆ. ಆದ್ದರಿಂದ ನಮ್ಮ ಮುಖ್ಯ ಪಾಠವೂ ಸಂಜೆ ಆರೂವರೆಗೆ. ಐದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಗಡಿಯಾರ ತಪ್ಪಿದರೆ ಪಾಠ ತಪ್ಪಿತು ಎನ್ನುವವಳು ನಾನು.

ಚುಕ್ಕಿಗೆ ದಾರಿ ತೋರಿಸಿದ್ದು ನಮ್ಮ ಬೊಳ್ಳು. ಬಿಳಿ ಬಣ್ಣದ ನಾಡುನಾಯಿ, ಒಂಬತ್ತು ವರ್ಷ. ಹೆದರಿದ ನಾಯಿ ಮನುಷ್ಯರನ್ನು ನಂಬುವ ಮೊದಲು ಇನ್ನೊಂದು ನಾಯಿಯನ್ನು ನಂಬುತ್ತದೆ. ಬೊಳ್ಳು ಮುಂದೆ ಹೋಗಿ ಓಕ್ ಮರಕ್ಕೆ ಕಾಲೆತ್ತುತ್ತಿದ್ದ. ಚುಕ್ಕಿ ಹಿಂದಿನಿಂದ ಹೋಗಿ ಮೂಸಿ, ತಟ್ಟೆಯಷ್ಟು ತಂತಿಯ ಮೇಲೆ ಹಿಂಗಾಲು ಮಡಚುತ್ತಿದ್ದಳು. ಬೊಳ್ಳುವಿಗೂ ಒಂದು ಚೂರು ಲಿವರ್ ಸಿಗುತ್ತಿತ್ತು. ಇದು ತನ್ನ ಡ್ಯೂಟಿ ಎಂದುಕೊಂಡು ಆರೂಕಾಲಿಗೇ ಹಿಂಬಾಗಿಲಲ್ಲಿ ಕೂರುತ್ತಿದ್ದ.

ನಿಯಮ ಒಂದೇ. ಜಾಗಕ್ಕೆ ಹೋದ ಮೇಲೆ ಹತ್ತು ನಿಮಿಷ ಕಂಬದ ಹಾಗೆ ನಿಲ್ಲಬೇಕು. ಮಾತಿಲ್ಲ, ಮೊಬೈಲಿಲ್ಲ. ನಾಯಿ ಒಲ್ಲೆ ಎಂದರೂ ಹತ್ತು ನಿಮಿಷ ಮುಗಿಯುವ ಮೊದಲು ಒಳಗೆ ಹೋಗಬಾರದು. ಹೋದೆವೋ, ಹಠ ಮಾಡಿದರೆ ಮನೆ ಸಿಗುತ್ತದೆ ಎಂದು ಅದು ಕಲಿಯುತ್ತದೆ. ಈ ನಿಯಮವನ್ನು ನಾನು ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ಐದನೆಯ ವಾರ ಪೂರ್ತಿ ಚುಕ್ಕಿ ಒಂದು ಸಲವೂ ತಪ್ಪಲಿಲ್ಲ. ಟೀಚರು ದಿನಾ ರಾತ್ರಿ ಊಟಕ್ಕೆ ಮೊದಲು ಫೋನು ಮಾಡಿ, ಇವತ್ತು ಹೋದಳಾ ಅಕ್ಕ ಎಂದು ಕೇಳುತ್ತಿದ್ದರು. ಹೋದಳು ಎನ್ನುವಾಗ ನನ್ನ ದನಿ ನನಗೇ ಜಂಬದ್ದು ಅನ್ನಿಸುತ್ತಿತ್ತು.

ಆರನೆಯ ವಾರದ ಸೋಮವಾರ ಸಂಜೆ ಅವಳು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಹಗ್ಗ ಸ್ವಲ್ಪ ಬಿಗಿ ಮಾಡಿದೆ. ಹೊಟ್ಟೆ ನೆಲಕ್ಕೆ ಹಚ್ಚಿ, ಬಂದ ದಿನ ಮಲಗಿದ್ದ ಹಾಗೆಯೇ ಮಲಗಿದಳು. ಕಾದೆ, ಬರಲಿಲ್ಲ. ಒಳಗೆ ಬಂದು ಅಡುಗೆಮನೆಯಲ್ಲಿ ಹೊಯ್ದಳು. ಮಂಗಳವಾರವೂ ಅದೇ ಕಥೆ. ಬೆಳಿಗ್ಗೆಯ ಸರದಿ, ಮಧ್ಯಾಹ್ನದ ಸರದಿ ಸರಿಯಾಗಿಯೇ ನಡೆಯುತ್ತಿದ್ದವು, ಸಂಜೆ ಮಾತ್ರ ಒಲ್ಲೆ. ಬೊಳ್ಳುವೂ ಓಕ್ ಮರದವರೆಗೆ ಹೋಗದೆ ಮೆಟ್ಟಿಲ ಪಕ್ಕದ ಕಂಬಕ್ಕೆ ಕಾಲೆತ್ತಿ ಬಾಗಿಲು ನೋಡಿದ. ವಯಸ್ಸಾಯಿತು, ಸೋಮಾರಿಯಾದ ಎಂದುಕೊಂಡೆ. ನೋಟುಬುಕ್ಕಿನಲ್ಲಿ ಬರೆದದ್ದು ಇಷ್ಟು: ಹಳೆಯ ಭಯ ಮರಳಿದೆ, ಕತ್ತಲಾಗುವ ಹೊತ್ತು ಶೆಡ್ಡಿನಲ್ಲಿ ಏನೋ ಆಗುತ್ತಿದ್ದಿರಬೇಕು, ಬಗ್ಗಬಾರದು.

ಇಂಥ ನಾಯಿಗಳ ಜೊತೆ ಕೆಲಸ ಮಾಡುವವರಿಗೆ ಒಂದು ಚಾಳಿ ಇರುತ್ತದೆ. ಅದು ಏನೇ ಮಾಡಿದರೂ ಹಿಂದೆ ಆದದ್ದನ್ನು ನೆನೆದು ಮಾಡುತ್ತಿದೆ ಎಂದೇ ಓದುತ್ತೇವೆ. ಈಗ, ಇಲ್ಲಿ, ಅದರ ಮೂಗಿನೆದುರು ಏನಿದೆ ಎಂದು ಕೇಳುವುದಿಲ್ಲ.

ಬುಧವಾರ ಲೈನಿನ ಹೆಂಗಸು ಗೂಡು ತೊಳೆಯುತ್ತ, ಲೈನಿನ ಎರಡು ನಾಯಿಗಳು ಶನಿವಾರದಿಂದ ಕಾಣುತ್ತಿಲ್ಲ ಎಂದಳು. ಪಿಕ್ಕಿಂಗಿಗೆ ಹೋದವರ ಹಿಂದೆ ಹೋಗಿರುತ್ತವೆ ಎಂದೆ. ಅವಳು ಪೊರಕೆ ಗೋಡೆಗೆ ಒರಗಿಸಿ ನನ್ನ ಹತ್ತಿರ ಬಂದಳು.

“ಅಕ್ಕ, ನೀವು ಆ ಓಕಿನ ಹತ್ರ ಸಂಜೆ ನಿಲ್ಲೋದು ಬೇಡ. ಚಿರತೆ ಉಂಟು. ನಂಗೆ ಬೆಳಿಗ್ಗೆ ವಾಸನೆ ಬಂತು.”

ನಾನು ನಕ್ಕುಬಿಟ್ಟೆ. ಈ ಕಡೆ ಚಿರತೆ ಯಾವಾಗ ಇರಲಿಲ್ಲ? ಆದರೆ ಪಿಕ್ಕಿಂಗ್ ಕಾಲದಲ್ಲಿ ಅದು ಮನೆಯ ಹತ್ತಿರ ಬರುವುದಿಲ್ಲ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ತೋಟದ ತುಂಬ ಜನ, ಮಾತು, ಮೊಬೈಲಿನ ಹಾಡು, ಟ್ರ್ಯಾಕ್ಟರು. ಅದನ್ನೇ ಅವಳಿಗೂ ಹೇಳಿದೆ. ಅವಳು ಮತ್ತೆ ಪೊರಕೆ ಎತ್ತಿಕೊಂಡಳು. ನಮ್ಮ ಆರು ಎಕರೆಯಲ್ಲಿ ಹಣ್ಣು ಕೊಯ್ದು ಮುಗಿದಿದೆ, ಪಕ್ಕದ ಎಸ್ಟೇಟಿನಲ್ಲೂ ಹೊಳೆಯಾಚೆಯ ಬ್ಲಾಕಿಗೆ ಜನ ಹೋಗಿದ್ದಾರೆ ಎಂದು ಗಂಡ ಹಿಂದಿನ ಶುಕ್ರವಾರವೇ ಊಟ ಮಾಡುತ್ತ ಹೇಳಿದ್ದರು. ನಮ್ಮ ಮನೆಯ ಹಿಂದಿನ ತೋಟದಲ್ಲಿ ಐದು ದಿನದಿಂದ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡು ಮಾತನ್ನೂ ಕೇಳಿಸಿಕೊಂಡಿದ್ದೆ, ಒಂದರ ಪಕ್ಕ ಒಂದು ಇಟ್ಟು ನೋಡಲಿಲ್ಲ.

ಬುಧವಾರ ಸಂಜೆಯೂ ಅವಳು ಮೆಟ್ಟಿಲು ಇಳಿಯಲಿಲ್ಲ, ಟೀಚರಿಗೆ ಮೂರನೆಯ ಸಲ ಇಲ್ಲ ಎನ್ನಬೇಕಾಯಿತು. ಗುರುವಾರಕ್ಕೆ ನನ್ನ ತಲೆಯಲ್ಲಿ ಭಾನುವಾರ ಬಿಟ್ಟರೆ ಬೇರೇನೂ ಇರಲಿಲ್ಲ. ಸಂಜೆ ಚುಕ್ಕಿ ಮೆಟ್ಟಿಲಲ್ಲಿ ಮಲಗಿದೊಡನೆ ಎತ್ತಿಕೊಂಡೇ ಹೋಗಿ ತಂತಿಯ ಮೇಲೆ ಇಳಿಸಿದೆ. ಬೊಳ್ಳು ಮೆಟ್ಟಿಲು ಬಿಡಲಿಲ್ಲ. ಬಾರೋ ಇಲ್ಲಿ ಎಂದು ಗದರಿದೆ. ಆ ನಾಯಿ ಹುಟ್ಟಿದಂದಿನಿಂದ ನನ್ನ ಮಾತು ತೆಗೆದುಹಾಕಿದ್ದಿಲ್ಲ. ಬಾಲ ಇಳಿಸಿಕೊಂಡು ಬಂದು ನನ್ನ ಪಕ್ಕ ನಿಂತ. ನಾನು ಕೈಗಡಿಯಾರ ನೋಡಿದೆ.

ಗಾಳಿ ಇರಲಿಲ್ಲ. ಗೂಡಿನಲ್ಲಿದ್ದ ನಾಲ್ಕು ನಾಯಿಗಳು ಆ ಹೊತ್ತಿಗೆ ಊಟಕ್ಕಾಗಿ ಕಿರುಚುವುದು ರೂಢಿ. ಅವತ್ತು ಒಂದೂ ಉಸಿರೆತ್ತಲಿಲ್ಲ. ಒಳ್ಳೆಯದಾಯಿತು, ಪಾಠಕ್ಕೆ ಇಂಥ ಮೌನವೇ ಬೇಕು ಎಂದುಕೊಂಡೆ. ಎಂಟನೆಯ ನಿಮಿಷಕ್ಕೆ ಚುಕ್ಕಿಯ ಕೆಳಗಿನ ಎಲೆಗಳು ಒದ್ದೆಯಾದವು. ಶಭಾಷ್ ಎಂದೆ. ಲಿವರ್ ಕೊಟ್ಟೆ, ತಿನ್ನಲಿಲ್ಲ. ನೋಟುಬುಕ್ಕಿನಲ್ಲಿ ಟಿಕ್ ಹಾಕಿ, ಟೀಚರ ಫೋನು ಬಂದಾಗ ಹೋದಳು ಎಂದು ಹೇಳಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹೆಣ್ಣುನಾಯಿ ಉಚ್ಚೆ ಹೊಯ್ಯುವಾಗ ಹಿಂಗಾಲು ಮಡಚಿ, ಬಾಲ ಸ್ವಲ್ಪ ಎತ್ತಿ ಕೂರುತ್ತದೆ. ಹೆದರಿ ಹೊಯ್ಯುವಾಗ ಹೊಟ್ಟೆ ನೆಲಕ್ಕಿರುತ್ತದೆ, ಬಾಲ ಕಾಲ ನಡುವೆ ಸೇರಿರುತ್ತದೆ, ತನ್ನಿಂದ ಏನಾಯಿತು ಎಂದೂ ಅದಕ್ಕೆ ತಿಳಿದಿರುವುದಿಲ್ಲ. ಕಣ್ಣು ಕಟ್ಟಿದರೂ ಈ ವ್ಯತ್ಯಾಸ ಹೇಳುವಷ್ಟು ನಾಯಿಗಳನ್ನು ನೋಡಿದ್ದೇನೆ. ಚುಕ್ಕಿ ಗುರುವಾರ ಕೂತಿರಲಿಲ್ಲ. ಶುಕ್ರವಾರ ಮತ್ತೆ ಎತ್ತಿಕೊಂಡು ಹೋದೆ, ಅವತ್ತೂ ಕೂರಲಿಲ್ಲ. ಎರಡು ದಿನವೂ ಟಿಕ್ ಹಾಕಿದ ಕೈ ನನ್ನದೇ.

ಶನಿವಾರ ಲೈನಿನ ಹೆಂಗಸು ಮಧ್ಯಾಹ್ನವೇ ಮನೆಗೆ ಹೋಗಿದ್ದಳು, ಗಂಡ ತೂಕದಲ್ಲಿದ್ದರು. ಆರೂಕಾಲಿಗೆ ಬೊಳ್ಳು ಹಿಂಬಾಗಿಲಲ್ಲಿ ಇರಲಿಲ್ಲ. ಹುಡುಕಿದರೆ ಮಂಚದ ಅಡಿ ಇದ್ದ. ಒಂದು ಕ್ಷಣ ಅಲ್ಲೇ ಬಗ್ಗಿ ನಿಂತೆ. ಏನೋ ಸರಿಯಿಲ್ಲ ಅನ್ನಿಸಿತು, ನಿಜವಾಗಿ ಅನ್ನಿಸಿತು. ಆದರೆ ನಾಳೆ ಟೀಚರು ಬರುತ್ತಾರೆ, ಇದೊಂದು ಸಂಜೆ ದಾಟಿದರೆ ಸಾಕು ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಬೊಳ್ಳು ಬಾ ಎಂದೆ. ತೆವಳಿಕೊಂಡು ಹೊರಬಂದ.

ಚುಕ್ಕಿಯನ್ನು ತಂತಿಯ ಮೇಲೆ ಇಳಿಸಿ ಹಗ್ಗ ಸಡಿಲ ಬಿಟ್ಟು ನಿಂತೆ. ಬೆಳಕು ಓಕ್ ಮರದ ತುದಿಯಲ್ಲಿ ಮಾತ್ರ ಉಳಿದಿತ್ತು, ಕೆಳಗೆ ಕಾಫಿ ಗಿಡಗಳ ಸಾಲು ಕಪ್ಪಾಗಿತ್ತು. ಎರಡು ನಿಮಿಷ. ನಾಲ್ಕು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಬೊಳ್ಳುವಿನ ಕಡೆಯೂ ಇಲ್ಲ. ಎಡಗಡೆ, ಮೂರನೆಯ ಸಾಲಿನ ಬುಡಕ್ಕೆ ನೋಡುತ್ತಿದ್ದಳು. ಐದು ವರ್ಷ ಶೆಡ್ಡಿನ ಗೋಡೆ ನೋಡಿಕೊಂಡಿದ್ದ ನಾಯಿಗೆ ದೂರಕ್ಕೆ ನೋಡುವ ಅಭ್ಯಾಸವೇ ಇರಲಿಲ್ಲ, ಹೊರಗೆ ಬಂದಾಗಲೂ ಮೂಗಿನ ತುದಿಯ ನೆಲವನ್ನಷ್ಟೇ ನೋಡುತ್ತಿದ್ದಳು. ಈಗ ಅವಳ ಕಣ್ಣು ಒಂದೇ ಕಡೆ ನಿಂತಿತ್ತು. ಬೊಳ್ಳು ಬಂದು ನನ್ನ ಮೀನಖಂಡಕ್ಕೆ ಮೈ ಒತ್ತಿಕೊಂಡ. ಅವನು ನಡುಗುತ್ತಿದ್ದ.

ಏಳನೆಯ ನಿಮಿಷಕ್ಕೆ ನನಗೆ ಅರ್ಥವಾಯಿತು. ಇದು ಶೆಡ್ಡಿನ ಭಯವಲ್ಲ. ಇನ್ನು ಮೂರು ನಿಮಿಷ ಬಾಕಿ ಇದೆ ಎಂಬ ಯೋಚನೆಯೂ ಬಂತು, ಸುಳ್ಳು ಹೇಳಲಾರೆ. ಅದನ್ನು ಬದಿಗೆ ತಳ್ಳಿ ಬಗ್ಗಿ ಚುಕ್ಕಿಯನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಓಡಬಾರದು ಎನ್ನುವುದು ಗೊತ್ತಿತ್ತು. ಸಾಲುಗಳ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಒಂದೊಂದು ಹೆಜ್ಜೆ ಇಟ್ಟೆ. ಬೊಳ್ಳು ನನ್ನ ಕಾಲಿಗೆ ಅಂಟಿಕೊಂಡೇ ಬಂದ. ಹತ್ತು ಹೆಜ್ಜೆ ಆಗಿರಬೇಕು. ಹಿಮ್ಮಡಿಗೆ ಒಂದು ಕಲ್ಲು ತಗುಲಿತು, ತಿರುಗಿ ದಾರಿ ನೋಡಿದೆ. ಅಷ್ಟೇ.

ಎಲೆ ಸರಿದ ಸದ್ದು ಬಂತು. ಬೊಳ್ಳು ಸಣ್ಣದಾಗಿ, ಅರ್ಧದಲ್ಲಿ ನಿಂತುಹೋದ ಹಾಗೆ ಒಂದು ಸಲ ಕೂಗಿದ. ನನ್ನ ಕಾಲಿಗೆ ಒತ್ತಿಕೊಂಡಿದ್ದ ಭಾರ ಇಲ್ಲವಾಯಿತು. ನೋಡಿದರೆ ಕಾಫಿ ಗಿಡದ ಎರಡು ರೆಂಬೆಗಳು ತೂಗಾಡುತ್ತಿದ್ದವು. ಬೇರೇನೂ ಕಾಣಲಿಲ್ಲ. ಚಿರತೆಯ ಮೈಯನ್ನಾಗಲೀ ಬಾಲವನ್ನಾಗಲೀ ನಾನು ನೋಡಲೇ ಇಲ್ಲ. ನನ್ನ ಅಂಗಿ ಎದೆಯಿಂದ ಸೊಂಟದವರೆಗೆ ಬಿಸಿಯಾಗಿ ಒದ್ದೆಯಾಯಿತು. ಅದು ಚುಕ್ಕಿಯ ಉಚ್ಚೆ.

ಆಮೇಲೆ ಓಡಿದೆ. ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಹಾಕಿದೆ. ಬೊಳ್ಳು ಹೊರಗಿದ್ದಾನೆ ಎಂದು ಗೊತ್ತಿದ್ದೇ ಅಗುಳಿ ಹಾಕಿದೆ. ಆ ಅಗುಳಿಯ ಸದ್ದು ಈಗಲೂ ನನಗೆ ಸಹಿಸಲಾಗುವುದಿಲ್ಲ. ಗಂಡ ಬಂದು, ಪಕ್ಕದವರನ್ನು ಕರೆದು, ಟಾರ್ಚು ಹಿಡಿದು ಸಾಲುಗಳ ನಡುವೆ ಹುಡುಕಿ, ಬೊಳ್ಳುವಿನ ಕೊರಳಪಟ್ಟಿ ಮಾತ್ರ ತಂದು ಮೇಜಿನ ಮೇಲಿಟ್ಟರು. ಅವರು ತಮಾಷೆಯ ಮನುಷ್ಯ. ಅವತ್ತು ನನ್ನ ಪಕ್ಕ ಕೂತು ಪಟ್ಟಿಗೆ ಹತ್ತಿದ ಮಣ್ಣು ಒರೆಸಿದರು. ಟೀಚರ ಫೋನು ಬಂದಾಗ ನಾನು ಎತ್ತಲಿಲ್ಲ.

ಬೆಳಗಾದ ಮೇಲೆ ಫಾರೆಸ್ಟ್ ಗಾರ್ಡು ಬಂದರು. ಓಕ್ ಮರದ ಸುತ್ತ ನಿಧಾನವಾಗಿ ತಿರುಗಿ, ಮೂರನೆಯ ಸಾಲಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು. ಅಲ್ಲಿ ತರಗೆಲೆ ಒತ್ತಿಹೋಗಿ, ದನ ಮಲಗಿ ಎದ್ದ ಜಾಗದ ಹಾಗೆ ಒಂದು ಹಾಸಿಗೆ ಆಗಿತ್ತು. ಅದರ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಪಂಜದ ಗುರುತುಗಳು, ಕೆಲವು ಹಸಿ, ಕೆಲವು ಒಣಗಿ ಬಿರುಕುಬಿಟ್ಟವು. ಅಲ್ಲಿಂದ ನಮ್ಮ ತಂತಿ ತುಂಡಿಗೆ ನಾನು ಹೆಜ್ಜೆ ಹಾಕಿ ಎಣಿಸಿದೆ. ಹದಿಮೂರು.

“ಐದಾರು ದಿನದಿಂದ ಬಂದು ಕೂತಿದೆ ಇಲ್ಲಿ. ದಿನಾ ಒಂದೇ ಟೈಮಿಗೆ ಬರ್ತಿದ್ರಾ ನೀವು?”

ಹೌದು ಎಂದೆ.

“ಹಾಗಾದ್ರೆ ಅದಕ್ಕೂ ಟೈಮ್ ಗೊತ್ತಾಗಿದೆ.”

ಅವರು ಬೈಯಲಿಲ್ಲ. ಹೊತ್ತು ಮುಳುಗುವಾಗ ಹೊರಗೆ ಬರಬೇಡಿ, ಗೂಡಿನ ನಾಯಿಗಳನ್ನು ಬೇಗ ಒಳಗೆ ಹಾಕಿ, ಬೋನು ಇಡಲು ಮೇಲೆ ಕೇಳಬೇಕು ಎಂದು ಹೇಳಿ ಹೋದರು. ಆರು ವಾರ ಪಟ್ಟು ಹಿಡಿದು, ಹೊತ್ತು ತಪ್ಪದ ಹಾಗೆ, ಜಾಗ ತಪ್ಪದ ಹಾಗೆ ನಾನು ಪಾಠ ಮಾಡಿದ್ದೆ. ಆ ಪಾಠ ಚೆನ್ನಾಗಿ ನಾಟಿದ್ದು ಚುಕ್ಕಿಗಲ್ಲ.

ಮನೆಗೆ ಬಂದು ತಂತಿಯ ಹಳೆಯ ಚೌಕಟ್ಟನ್ನು ಹುಡುಕಿ ತೆಗೆದೆ. ಕತ್ತರಿಸದೆ ಉಳಿದಿದ್ದ ಬಲೆಯ ಸುರುಳಿಯಿಂದ ಮತ್ತೆ ಬಾಗಿಲಗಲದಷ್ಟು ಕಟ್ಟಿ ಬಚ್ಚಲಲ್ಲಿ ಹಾಕಿದೆ. ಮೊದಲ ಸಲ ಹಾಕಿದ್ದ ಜಾಗಕ್ಕೇ. ಚುಕ್ಕಿ ಮೂಲೆಯಿಂದ ಎದ್ದು ಬಂದು ಅದರ ಮೇಲೆ ಹಿಂಗಾಲು ಮಡಚಿ, ಬಾಲ ಎತ್ತಿ, ಹಿಂದಿನ ಸಂಜೆಯಿಂದ ತಡೆದಿದ್ದದ್ದನ್ನೆಲ್ಲ ಹೊಯ್ದಳು. ಬಹಳ ಹೊತ್ತು ಹೊಯ್ದಳು. ಟೀಚರಿಗೆ ಏನು ಹೇಳಬೇಕು ಎಂದು ನಾನು ತೀರ್ಮಾನ ಮಾಡಿದ್ದು ಆಗ. ಎರಡು ಟಿಕ್ ತೋರಿಸಿ ನಾಯಿಯನ್ನು ಕಳಿಸಿಬಿಡಬಹುದಿತ್ತು. ಮಡಿಕೇರಿಗೆ ಹೋದ ಮೇಲೆ ತಪ್ಪಿದರೆ ಜಾಗ ಬದಲಾಗಿದ್ದಕ್ಕೆ ಎಂದು ಹೇಳಬಹುದಿತ್ತು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ನಿಜ ಹೇಳಿದರೆ ಅವಳು ಮೈಸೂರಿನ ಕಡೆಯ ಗೂಡಿಗೆ ಹೋಗಬೇಕಾಗಬಹುದು. ಹೇಳದಿದ್ದರೆ ಟೀಚರು ಸಂಜೆ ಆರೂವರೆಗೆ ಒಲ್ಲೆನೆಂದ ನಾಯಿಯನ್ನು ಎಳೆದುಕೊಂಡು ಮನೆಯ ಹಿಂದಿನ ಇಳಿಜಾರಿಗೆ ಹೋಗುತ್ತಾರೆ.

ಅವರು ಹನ್ನೊಂದರ ಹೊತ್ತಿಗೆ ಆಟೋದಲ್ಲಿ ಬಂದರು. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಹೊಸ ಬೆಲ್ಟು, ಹೊಸ ಬಟ್ಟಲು. ಕಾಫಿ ಕೊಟ್ಟು ನೋಟುಬುಕ್ಕು ಮುಂದಿಟ್ಟೆ. ಗುರುವಾರ, ಶುಕ್ರವಾರ ನಾನು ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದೆ. ಅವಳು ಹೊರಗೆ ಹೋಗುವುದನ್ನು ಕಲಿತಿದ್ದಳು, ಈಗ ಹೋಗುವುದಿಲ್ಲ, ಮತ್ತೆ ಯಾವಾಗ ಹೋದಾಳು ಎಂದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಅವರು ಬೊಳ್ಳು ಎಲ್ಲಿ ಎಂದು ಕೇಳಿದರು, ಫೋನಿನಲ್ಲಿ ದಿನಾ ಅವನ ಸುದ್ದಿ ಕೇಳಿದ್ದರಲ್ಲ. ನಾನು ಮೇಜಿನ ಮೇಲಿದ್ದ ಕೊರಳಪಟ್ಟಿ ಎತ್ತಿ ಅವರ ಮುಂದಿಟ್ಟೆ. ಬಾಗಿಲಲ್ಲಿ ನಿಂತಿದ್ದ ಲೈನಿನ ಹೆಂಗಸು ಎಲ್ಲವನ್ನೂ ಹೇಳಿದಳು. ತಾನು ಬುಧವಾರ ಎಚ್ಚರಿಸಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಸೇರಿಸಿದೆ.

ಟೀಚರು ನೋಟುಬುಕ್ಕಿನ ಕೊನೆಯ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು, ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ.

“ಸೋಮವಾರದಿಂದ್ಲೇ ಹೇಳ್ತಾ ಇದ್ಲಲ್ಲ ಅಕ್ಕ ಅವ್ಳು.”

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ನಾನು ಅವರೆದುರೇ ಅತ್ತೆ.

ಅವರು ಅಂಗಳಕ್ಕೆ ಹೋಗಿ ಮನೆ ಓನರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಏನು ಮಾತಾಯಿತೋ ಕೇಳಿಸಲಿಲ್ಲ. ಒಳಗೆ ಬಂದು, ಬಚ್ಚಲು ಮಾತ್ರ, ಬೇರೆಲ್ಲೂ ಆಗಬಾರದು, ಎರಡು ತಿಂಗಳು ನೋಡೋಣ ಎಂದಿದ್ದಾರೆ ಎಂದರು. ಚೌಕಟ್ಟನ್ನು ಆಟೋದ ಸೀಟಿನ ಹಿಂದಿನ ಜಾಗಕ್ಕೆ ಅಡ್ಡಲಾಗಿ ತುರುಕಬೇಕಾಯಿತು. ಚುಕ್ಕಿ ಟೀಚರ ತೊಡೆಯ ಮೇಲೆ ಮುದುಡಿ ಕೂತಳು. ಆಟೋ ಗೇಟು ದಾಟುವವರೆಗೂ ಲೈನಿನ ಹೆಂಗಸು ಕೈಬೀಸುತ್ತಿದ್ದಳು.

ಅವತ್ತು ರಾತ್ರಿ ಊಟಕ್ಕೆ ಮೊದಲು ಫೋನು ಬಂತು. ಬಚ್ಚಲಲ್ಲಿ ಚೌಕಟ್ಟಿನ ಮೇಲೆ ಎರಡು ಸಲ ಹೋಗಿದ್ದಾಳೆ, ಅನ್ನ ತಿಂದಿದ್ದಾಳೆ ಎಂದರು. ಆಮೇಲೆ, ಹಿಂದಿನ ಇಳಿಜಾರಿಗೆ ಯಾವತ್ತಿಂದ ಕರೆದುಕೊಂಡು ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದರು.

“ಅವ್ಳು ಬರ್ತೀನಿ ಅಂದ ದಿನ ಹೋಗಿ ಟೀಚರ್. ಬೇಡ ಅಂದ ತಕ್ಷಣ ಒಳಗೆ ಬನ್ನಿ.”

ಇಷ್ಟು ಚಿಕ್ಕ ಮಾತು ಹೇಳಲು ಕಲಿಯುವುದಕ್ಕೆ ನಾನು ಬೊಳ್ಳುವನ್ನು ಕೊಡಬೇಕಾಯಿತು. ಅವನು ಮಂಚದ ಅಡಿಯಿಂದ ಬರುವುದಿಲ್ಲ ಎಂದೇ ಹೇಳಿದ್ದ. ಬಾ ಎಂದು ಕರೆದವಳು ನಾನು.